ಪ್ರಸವವೇದನೆಯೂ ವಿದ್ಯುತ್ಪ್ರಚೋದನೆಯೂ

ನೋವನ್ನು ಸೂಚಿಸುವ ಕನ್ನಡ ಶಬ್ದಗಳಲ್ಲಿ ‘ಬೇನೆ’ ಎಂಬುದು ವಿಶಿಷ್ಟವಾದುದು. ಸಾಮಾನ್ಯವಾಗಿ ರೋಗವನ್ನೂ ವ್ಯಥೆಯನ್ನೂ ಹೇಳುವ ಈ ಮಾತು, ತುಂಬಿದ ಬಸುರಿಯ ವಿಷಯದಲ್ಲಿ ‘ಬೇನೆ ಬಂದಿತು’, ‘ಬೇನೆ ತಿನ್ನುತ್ತಿದ್ದಾಳೆ’ ಎಂದು ಪ್ರಯೋಗವಾದಾಗ, ಬೇರೆ ವಿಶೇಷಣದ ಹಂಗಿಲ್ಲದೆ ಪ್ರಸವವೇದನೆಯನ್ನೇ ತಿಳಿಸುತ್ತದೆ. ರೋಗವಲ್ಲದ ಸ್ಥಿತಿಗೆ ರೋಗದ ಹೆಸರೇ ಸಲ್ಲುವ ಈ ಪ್ರಯೋಗದಲ್ಲಿ ವೈದ್ಯಶಾಸ್ತ್ರದ ಹಳೆಯದೊಂದು ಸಂದೇಹವೂ ಅಡಗಿದೆ. ಸಹಜವಾದ ನೋವನ್ನು ಶಮನಗೊಳಿಸುವುದು ಯುಕ್ತವೆ? ಯುಕ್ತವಾದರೆ, ಶಮನವಾಯಿತೆಂದು ನಿರ್ಣಯಿಸತಕ್ಕವರು ಯಾರು? ಮೊದಲನೆಯ ಪ್ರಶ್ನೆಗೆ ಎಡಿನ್‌ಬರೋ ನಗರದ ಜೇಮ್ಸ್ ಯಂಗ್ ಸಿಂಪ್ಸನ್ನನು ೧೮೪೭ರಲ್ಲಿ ಈಥರನ್ನೂ ಕ್ಲೋರೋಫಾರಮ್ಮನ್ನೂ ಹೆರಿಗೆಯಲ್ಲಿ ಬಳಸಿ ಉತ್ತರ ಕೊಟ್ಟನು. ಎರಡನೆಯ ಪ್ರಶ್ನೆಯ ವಿಚಾರಕ್ಕೆ, ಔಷಧವಿಲ್ಲದೆ ವಿದ್ಯುತ್ತಿನಿಂದಲೇ ನೋವನ್ನು ತಗ್ಗಿಸುವ ‘ಟೆನ್ಸ್’ ಎಂಬ ಉಪಾಯವು ಒಳ್ಳೆಯ ನಿದರ್ಶನವಾಗಿದೆ.

ವಿದ್ಯುತ್ತಿಗೂ ನೋವಿಗೂ ಇರುವ ಸಂಬಂಧವನ್ನು ಪ್ರಾಚೀನರು ಕಾರಣವರಿಯದೆಯೇ ಕಂಡುಕೊಂಡಿದ್ದರು. ಕ್ರಿಸ್ತಶಕ ಒಂದನೆಯ ಶತಮಾನದ ರೋಮನ್ ವೈದ್ಯನಾದ ಸ್ಕ್ರಿಬೋನಿಯಸ್ ಲಾರ್ಗಸನು ತಲೆನೋವಿಗೂ ಕಾಲಿನ ವಾತದ ನೋವಿಗೂ ಟಾರ್ಪೀಡೊ ಎಂಬ ಮೀನನ್ನು ವಿಧಿಸಿದನು. ಜೀವಂತವಾದ ಆ ಮೀನಿನ ಮೇಲೆ ರೋಗಿಯು ಒದ್ದೆಯಾದ ಕಡಲತಡಿಯಲ್ಲಿ ಕಾಲಿಟ್ಟು, ಕಾಲು ಮರಗಟ್ಟುವವರೆಗೆ ನಿಲ್ಲಬೇಕಾಗಿದ್ದಿತು. ಮೀನಿನ ಆಘಾತವು ವಿದ್ಯುತ್ತಿನದೆಂಬುದು ತಿಳಿದದ್ದು ಹದಿನೆಂಟನೆಯ ಶತಮಾನದಲ್ಲಿ.

ಈ ಚಿಕಿತ್ಸೆಗೆ ಶಾಸ್ತ್ರೀಯವಾದ ತಳಹದಿಯು ೧೯೬೫ರಲ್ಲಿ ದೊರೆಯಿತು. ಆ ವರ್ಷ ರೊನಾಲ್ಡ್ ಮೆಲ್ಜಾಕ್, ಪ್ಯಾಟ್ರಿಕ್ ವಾಲ್ ಎಂಬಿಬ್ಬರು ವಿದ್ವಾಂಸರು ನೋವಿನ ‘ದ್ವಾರಸಿದ್ಧಾಂತ’ವನ್ನು ಪ್ರಕಟಿಸಿದರು. ಮೊಣಕೈಗೆ ಪೆಟ್ಟು ಬಿದ್ದೊಡನೆ ಆ ಸ್ಥಳವನ್ನು ಉಜ್ಜಿಕೊಳ್ಳುವುದು ಮನುಷ್ಯಸ್ವಭಾವ; ಉಜ್ಜಿದರೆ ನೋವು ತುಸು ಇಳಿಯುವುದೂ ಸರ್ವಾನುಭವ. ಸ್ಪರ್ಶವನ್ನು ಒಯ್ಯುವ ನರತಂತುಗಳು ದಪ್ಪನಾದವು, ಶೀಘ್ರಗಾಮಿಗಳು. ನೋವನ್ನು ಒಯ್ಯುವವು ತೆಳುವಾದವು, ಮಂದಗಾಮಿಗಳು. ಇವೆರಡೂ ಬೆನ್ನುಹುರಿಯ ಹಿಂಭಾಗದಲ್ಲಿ ಸಂಧಿಸುತ್ತವೆ. ಅಲ್ಲಿ ಬಾಗಿಲಿನಂತಹ ಏರ್ಪಾಡೊಂದುಂಟು. ಸ್ಪರ್ಶದ ವಾರ್ತೆ ಹೆಚ್ಚಾದಾಗ ಅದು ನೋವಿನ ವಾರ್ತೆಗೆ ಮುಚ್ಚಿಕೊಳ್ಳುತ್ತದೆ ಎಂಬುದೇ ಸಿದ್ಧಾಂತದ ಸಾರ. ಇದರ ವಿವರಗಳು ಮುಂದೆ ತಿದ್ದುಪಡಿಯಾದರೂ, ನೋವು ಮಿದುಳನ್ನು ಮುಟ್ಟುವ ಮೊದಲೇ ದಾರಿಯಲ್ಲಿ ಹೆಚ್ಚುಕಡಿಮೆಯಾಗುವುದೆಂಬ ತತ್ತ್ವವು ಸ್ಥಿರವಾಗಿ ನಿಂತಿದೆ. ೧೯೬೭ರಲ್ಲಿ ವಾಲ್ ಮತ್ತು ವಿಲಿಯಂ ಸ್ವೀಟ್ ಅವರು ವಿದ್ಯುತ್ಪ್ರಚೋದನೆಯಿಂದ ರೋಗಿಗಳ ನೋವು ತಾತ್ಕಾಲಿಕವಾಗಿ ಅಡಗಿದುದನ್ನು ವರದಿಮಾಡಿದರು.

ಟೆನ್ಸ್ ಯಂತ್ರವು ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣದು. ಅದರಿಂದ ಹೊರಟ ತಂತಿಗಳ ತುದಿಯ ಅಂಟುಪಟ್ಟಿಗಳನ್ನು ಚರ್ಮಕ್ಕೆ ಹಚ್ಚಿ, ಅತ್ಯಲ್ಪಕಾಲದ ವಿದ್ಯುತ್ಸ್ಪಂದನಗಳನ್ನು ಹಾಯಿಸುತ್ತಾರೆ. ಇವುಗಳಲ್ಲಿ ಎರಡು ಬಗೆ. ಸೆಕೆಂಡಿಗೆ ೫೦ಕ್ಕಿಂತ ಹೆಚ್ಚಾಗಿ, ವಾಡಿಕೆಯಲ್ಲಿ ೧೦೦ರ ಆಸುಪಾಸಿನಲ್ಲಿ ಬರುವ ಸ್ಪಂದನಗಳು ಮೈಗೆ ಜುಮ್ಮೆಂಬ ಭಾವನೆಯನ್ನು ಮಾತ್ರ ತರುತ್ತವೆ; ದ್ವಾರವನ್ನು ಮುಚ್ಚುವುವೆಂದು ಹೇಳುವುದು ಮುಖ್ಯವಾಗಿ ಇವುಗಳನ್ನು ಕುರಿತು. ಸೆಕೆಂಡಿಗೆ ೧ರಿಂದ ೪ರಷ್ಟು ಬರುವವು ಸ್ನಾಯುವನ್ನು ಮಿಡಿಸುವಷ್ಟು ಬಲವಾಗಿರುತ್ತವೆ. ಅಫೀಮಿನ ಜಾತಿಯ ಮದ್ದುಗಳ ಪ್ರಭಾವವನ್ನು ಅಳಿಸುವ ನಾಲೊಕ್ಸೋನ್ ಎಂಬ ಔಷಧವನ್ನು ಕೊಟ್ಟರೆ ಈ ಎರಡನೆಯ ಬಗೆಯ ಉಪಶಮನವು ತಗ್ಗುವುದೆಂದು ಸ್ವೀಡನ್ನಿನ ಸ್ಯೋಲುಂಡ್ ಮತ್ತು ಎರಿಕ್ಸನ್ ೧೯೭೯ರಲ್ಲಿ ತೋರಿಸಿದರು. ದೇಹವು ತಾನೇ ಹುಟ್ಟಿಸಿಕೊಳ್ಳುವ ನೋವುನಿವಾರಕ ದ್ರವ್ಯಗಳು ಇಲ್ಲಿ ಕೆಲಸಮಾಡುತ್ತವೆಂದು ಇದರಿಂದ ಊಹಿಸಬಹುದು.

ಹೆರಿಗೆಯಲ್ಲಿ ಪಟ್ಟಿಗಳನ್ನು ಬೆನ್ನಿಗೆ ಹಚ್ಚುವುದೇಕೆಂಬುದಕ್ಕೆ ಶರೀರರಚನೆಯೇ ಉತ್ತರ. ಗರ್ಭಕೋಶವು ಸಂಕೋಚಗೊಂಡು ಅದರ ಬಾಯಿ ತೆರೆಯುವ ಮೊದಲ ಘಟ್ಟದ ನೋವು, ಬೆನ್ನುಹುರಿಯನ್ನು ಎದೆಯ ಹತ್ತನೆಯ ನರದಿಂದ ಸೊಂಟದ ಮೊದಲನೆಯ ನರದವರೆಗಿನ ನೆಲೆಯಲ್ಲಿ ಸೇರುತ್ತದೆ. ಶಿಶುವು ಹೊರಬರುವ ಎರಡನೆಯ ಘಟ್ಟದ ನೋವು ತ್ರಿಕಾಸ್ಥಿಯ ಎರಡರಿಂದ ನಾಲ್ಕನೆಯವರೆಗಿನ ನರಗಳ ಮೂಲಕ ಬರುತ್ತದೆ. ಆದುದರಿಂದ ೧೯೭೭ರಲ್ಲಿ ಸ್ವೀಡನ್ನಿನ ವೈದ್ಯರು ಪ್ರಸವದಲ್ಲಿ ಈ ಕ್ರಮವನ್ನು ಪರೀಕ್ಷಿಸಿದಾಗ, ಈ ಎರಡು ನೆಲೆಗಳಿಗೆ ಅನುಗುಣವಾಗಿ ಬೆನ್ನುಮೂಳೆಯ ಎರಡು ಪಕ್ಕಗಳಲ್ಲಿ ಪಟ್ಟಿಗಳನ್ನಿಟ್ಟರು. ಬೇನೆ ಏರಿದಾಗ ಗುಂಡಿಯನ್ನೊತ್ತಿ ಪ್ರಚೋದನೆಯನ್ನು ಹೆಚ್ಚಿಸಿಕೊಳ್ಳುವುದು ಈಗಿನ ಪ್ರಸವಯಂತ್ರಗಳಲ್ಲಿ ಗರ್ಭಿಣಿಯ ಕೈಯಲ್ಲಿಯೇ ಇದೆ.

ಫಲವೆಷ್ಟು? ೨೦೦೯ರ ಕಾಕ್ರೇನ್ ಸಮೀಕ್ಷೆಯು ೧೬೭೧ ಸ್ತ್ರೀಯರನ್ನೊಳಗೊಂಡ ೧೯ ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿತು. ನೋವಿನ ಅಂಕಗಳಲ್ಲಿ ಟೆನ್ಸ್ ಪಡೆದವರಿಗೂ ಪಡೆಯದವರಿಗೂ ಹೆಚ್ಚಿನ ಅಂತರವು ಕಾಣಲಿಲ್ಲ. ಆದರೂ ಮುಂದಿನ ಹೆರಿಗೆಯಲ್ಲಿ ಇದನ್ನೇ ಬಳಸಲು ಒಪ್ಪಿದವರು ಟೆನ್ಸ್ ಪಡೆದವರಲ್ಲಿಯೇ ಹೆಚ್ಚಾಗಿದ್ದರು. ಇದಕ್ಕೆ ಮೊದಲೇ, ೨೦೦೭ರಲ್ಲಿ, ಇಂಗ್ಲೆಂಡಿನ ನೈಸ್ ಸಂಸ್ಥೆಯು ಬೇನೆ ಬಲಿತ ಘಟ್ಟದಲ್ಲಿ ಇದನ್ನು ಒದಗಿಸಬಾರದೆಂದು ಸೂಚಿಸಿದ್ದಿತು. ಮುಟ್ಟಿನ ನೋವಿನ ವಿಷಯ ಇದಕ್ಕಿಂತ ಆಶಾದಾಯಕವಾಗಿದೆ. ಪ್ರೋಸ್ಟಗ್ಲಾಂಡಿನ್ ಎಂಬ ದ್ರವ್ಯಗಳು ಗರ್ಭಕೋಶವನ್ನು ಬಲವಾಗಿ ಹಿಂಡುವುದರಿಂದ ಈ ನೋವು ಹುಟ್ಟುತ್ತದೆ. ಶೀಘ್ರಸ್ಪಂದನವು ಇದಕ್ಕೆ ಗುಣಕಾರಿಯೆಂದು ೨೦೦೨ರ ಸಮೀಕ್ಷೆಯು ಹೇಳಿತು. ಎರಡೂ ಬಗೆಯ ಸ್ಪಂದನಗಳು ನೋವನ್ನು ತಗ್ಗಿಸಬಹುದು, ಆದರೆ ಸಾಕ್ಷ್ಯವು ದೃಢವಾದುದಲ್ಲ ಎಂದು ೨೦೨೪ರ ಸಮೀಕ್ಷೆಯು ಹೇಳಿದೆ. ಹೃದಯದ ಗತಿಯನ್ನು ನಡೆಸುವ ಯಂತ್ರವನ್ನು ಧರಿಸಿದವರು ವೈದ್ಯರ ಸಲಹೆಯಿಲ್ಲದೆ ಇದನ್ನು ಬಳಸಬಾರದು; ನೀರಿನಲ್ಲಿರುವಾಗ ಯಾರೂ ಬಳಸಬಾರದು.

ಪ್ರಸವದಲ್ಲಿ ಕಂಡ ವಿರೋಧವನ್ನು ಹೇಗೆ ಅರ್ಥಮಾಡಬೇಕು? ಜುಮ್ಮೆನ್ನುವ ಯಂತ್ರವಾವುದು, ಹುಸಿಯಂತ್ರವಾವುದು ಎಂಬುದು ಸ್ತ್ರೀಗೆ ಮೈಯಿಂದಲೇ ತಿಳಿಯುವುದರಿಂದ, ಒಪ್ಪಿಗೆಯು ಬರಿಯ ನಂಬಿಕೆಯ ಫಲವಿರಬಹುದೆಂದು ಒಂದು ಪಕ್ಷ. ಇದನ್ನು ಅಲ್ಲಗಳೆಯುವಂತಿಲ್ಲ. ಆದರೆ ಅಂಕವು ನೋವಿನ ಪ್ರಮಾಣವನ್ನು ಮಾತ್ರ ಕೇಳುತ್ತದೆ. ‘ಮತ್ತೆ ಬಳಸುವಿರಾ’ ಎಂಬ ಪ್ರಶ್ನೆಯು ಆ ನೋವನ್ನು ಆಕೆ ಹೇಗೆ ಸಾಗಿಸಿದಳೆಂಬುದನ್ನು ಕೇಳುತ್ತದೆ. ಎದ್ದು ನಡೆದಾಡಲು ಅಡ್ಡಿಯಿಲ್ಲದಿರುವುದು, ಎಚ್ಚರ ಮಸುಕಾಗದಿರುವುದು, ಹತೋಟಿಯು ತನ್ನ ಕೈಯಲ್ಲಿರುವುದು ಇವು ಅಂಕದಲ್ಲಿ ಬೀಳುವುದಿಲ್ಲ. ಇವೆರಡು ಉತ್ತರಗಳು ಒಂದನ್ನೊಂದು ಸುಳ್ಳುಮಾಡುವುದಿಲ್ಲ. ಅವು ಎರಡು ಬೇರೆ ಪ್ರಶ್ನೆಗಳಿಗೆ ಬಂದವು. ಟೆನ್ಸ್ ಬಲವಾದ ನೋವುನಿವಾರಕವೆಂದು ಹೇಳಿ ಗರ್ಭಿಣಿಗೆ ಭರವಸೆ ಕೊಡುವುದು ತಪ್ಪು. ಅಂಕವು ಇಳಿಯಲಿಲ್ಲವೆಂದು ಅವಳ ಮಾತನ್ನು ತಳ್ಳಿಹಾಕುವುದೂ ತಪ್ಪು. ಬೇನೆಯನ್ನು ತಿಂದವಳೇ ಬೇನೆಗೆ ಮೊದಲ ಸಾಕ್ಷಿ.