ಪರದೇಶದಲ್ಲಿ ವೀಡಿಯೋ ಗೇಮ್ ಪಾರ್ಲರ್: ಒಳ್ಳೆಯದನ್ನು ಗುರುತಿಸುವುದು ಹೇಗೆ?

ಈಗ ನಮ್ಮಂಥ ಸಣ್ಣ ಊರುಗಳಲ್ಲೂ ಬೀದಿಗೆ ಒಂದು ಮನೆಯವರಾದರೂ ಪರದೇಶಕ್ಕೆ ಹೋಗಿಬಂದವರೇ. ಮಗಳ ಬಾಣಂತನಕ್ಕೋ, ತಂಗಿಯ ಮನೆಗೋ, ಮಗ ಕೆಲಸಕ್ಕಿರುವ ಊರಿಗೋ, ಅಂತೂ ಹುಳಿಪುಡಿ, ಚಟ್ನಿಪುಡಿ, ಮೆಂತ್ಯದ ಹಿಟ್ಟು ಕಟ್ಟಿಕೊಂಡು ವಿಮಾನ ಹತ್ತುವ ಹೆಂಗಸರಿಗೆ ಕಡಿಮೆಯಿಲ್ಲ. ಅಲ್ಲಿ ಏನೇನು ನೋಡಬೇಕೆಂದು ಹೇಳುವವರೂ ಬೇಕಾದಷ್ಟು ಜನ. ಗುಡಿ, ಗೋಪುರ, ಹೂವಿನ ತೋಟ ಎಲ್ಲಾ ಸರಿ. ಆದರೆ ಜೊತೆಗೆ ಹದಿಮೂರು ವರ್ಷದ ಮಗನೂ ಬಂದಿದ್ದರೆ? ಅವನಿಗೆ ಗೋಪುರವೂ ಬೇಡ, ಹೂವೂ ಬೇಡ. "ಅಮ್ಮಾ, ಇಲ್ಲಿ ಗೇಮ್ ಸೆಂಟರ್ ಎಲ್ಲಿದೆ?" ಇಷ್ಟೇ ಅವನ ಪ್ರಶ್ನೆ! ಅಂಥ ಮಕ್ಕಳ ತಾಯಂದಿರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ವೀಡಿಯೋ ಗೇಮ್ ಪಾರ್ಲರ್ ಎಂದ ಕೂಡಲೇ ಮೂಗು ಮುರಿಯಬೇಡಿ. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮೂರ ಬಸ್‌ಸ್ಟ್ಯಾಂಡಿನ ಹಿಂದೆಯೂ ಅಂಥದೊಂದಿತ್ತು. ಬಾಗಿಲಿಗೆ ಕಪ್ಪು ಪರದೆ, ಒಳಗೆಲ್ಲ ಬೀಡಿ ಹೊಗೆ, ಕ್ಲಾಸು ತಪ್ಪಿಸಿದ ಹುಡುಗರು. ಆ ಕಡೆ ತಲೆಯೆತ್ತಿ ನೋಡಿದರೂ ಮನೆಯಲ್ಲಿ ಬೈಗುಳ ಕಟ್ಟಿಟ್ಟ ಬುತ್ತಿ. ಆದ್ದರಿಂದ 2023ರ ಏಪ್ರಿಲ್‌ನಲ್ಲಿ ತಂಗಿಯ ಬಾಣಂತನಕ್ಕೆಂದು ಟೋಕಿಯೋಗೆ ಹೋದಾಗ ಮಗನ ಬೇಡಿಕೆಗೆ ಒಡನೆಯೇ "ಹೂಂ" ಎನ್ನಲಿಲ್ಲ. ನಮ್ಮ ಮನೆಯವರು ಅವನ ಖರ್ಚಿಗೆಂದು ಕೊಟ್ಟಿದ್ದು ಆರು ಸಾವಿರ ರೂಪಾಯಿ. ಅಲ್ಲಿಯ ಲೆಕ್ಕದಲ್ಲಿ ಸುಮಾರು ಹತ್ತು ಸಾವಿರ ಯೆನ್. ತಿಂಗಳ ಸಂಬಳದಲ್ಲಿ ಉಳಿಸಿದ ಹಣ ಅದು. ಒಂದು ಸಂಜೆಯಲ್ಲಿ ಯಂತ್ರದ ಬಾಯಿಗೆ ಸುರಿದು ಬರೋಕಾಗುತ್ತಾ, ನೀವೇ ಹೇಳಿ?

ಹಾಗಾಗಿ ಮಗನ ಕೈಗೆ ಹಣ ಕೊಡುವ ಮೊದಲು ನಾನೇ ಹೋಗಿ ನೋಡಿದೆ. ಊರಿಗೆ ಹೊಸಬರಾದಾಗ ನಾವು ಒಳ್ಳೆಯ ಹೋಟೆಲನ್ನು ಹೇಗೆ ಗುರುತಿಸುತ್ತೇವೆ? ಬೋರ್ಡು ನೋಡಿಯಲ್ಲ, ಒಳಗೆ ಕೂತವರು ಯಾರು, ಮೇಜು ಒರೆಸಿದೆಯೇ, ಅಡುಗೆಯವನು ಹಳಬನೇ ಎಂದು ನೋಡಿ. ಇಲ್ಲಿಯೂ ಅದೇ ಕಣ್ಣು ಸಾಕು.

ಕೆಳಗಿನ ಅಂತಸ್ತು ನೋಡಿ ಮರುಳಾಗಬೇಡಿ

ನನ್ನ ತಂಗಿಯ ಮನೆ ಇರುವುದು ನಿಶಿಕಸಾಯಿ ಎಂಬಲ್ಲಿ. ಟೋಕಿಯೋದಲ್ಲಿ ನಮ್ಮ ದೇಶದವರು ತುಂಬಾ ಮಂದಿ ಇರುವ ಬಡಾವಣೆ ಅದು. ತೊಗರಿಬೇಳೆ, ಸಾಸಿವೆ ಎಲ್ಲಾ ಸಿಗುತ್ತವೆ. ಅಲ್ಲಿಂದ ರೈಲಿನಲ್ಲಿ ಅಕಿಹಬರ ಎಂಬ ಪೇಟೆಗೆ ಹೋದರೆ ಆಟದ ಅಂಗಡಿಗಳು ಸಾಲಾಗಿ ಸಿಗುತ್ತವೆ. ನಾಲ್ಕೈದು ಅಂತಸ್ತಿನ ಕಟ್ಟಡಗಳು! ಅವರು ಇದನ್ನು ಗೇಮ್ ಸೆಂಟರ್ ಎನ್ನುತ್ತಾರೆ, ಮೊಟಕಾಗಿ "ಗೇಸೆನ್".

ಒಳಗೆ ಕಾಲಿಟ್ಟೊಡನೆ ಕಾಣುವುದು ಗಾಜಿನ ಪೆಟ್ಟಿಗೆಗಳು. ಒಳಗೆ ಹತ್ತಿಯ ಗೊಂಬೆಗಳು, ಮೇಲಿನಿಂದ ಇಳಿಯುವ ಕಬ್ಬಿಣದ ಉಗುರು. 100 ಯೆನ್ ಹಾಕಿ ಗುಂಡಿ ಒತ್ತಿದರೆ ಉಗುರು ಬಂದು ಗೊಂಬೆಯನ್ನು ಹಿಡಿಯುತ್ತದೆ, ಎತ್ತುತ್ತದೆ, ಇನ್ನೇನು ಬಂತು ಎನ್ನುವಷ್ಟರಲ್ಲಿ ಕೈಬಿಡುತ್ತದೆ! ನಮ್ಮ ಜಾತ್ರೆಗಳಲ್ಲಿ ಸೋಪಿನ ಡಬ್ಬಿಗೆ ಬಳೆ ಎಸೆಯುವ ಆಟ ಇರುತ್ತದಲ್ಲ, ಅದರ ದೊಡ್ಡಪ್ಪ ಇದು. ಸೇಗಾ ಕಂಪನಿಯವರು 1985ರಲ್ಲಿ "ಯುಎಫ್‌ಓ ಕ್ಯಾಚರ್" ಎಂಬ ಹೆಸರಿನಲ್ಲಿ ತಂದ ಮೇಲೆ ಇದು ಜಪಾನಿನಲ್ಲೆಲ್ಲ ಹಬ್ಬಿತು. ನನ್ನ ಕಣ್ಣೆದುರಿಗೇ ಒಬ್ಬ ಹುಡುಗ ಒಂದು ಬೆಕ್ಕಿನ ಗೊಂಬೆಗಾಗಿ 3000 ಯೆನ್ ಹಾಕಿ ಬರಿಗೈಲಿ ಹೋದ. ನಮ್ಮ ದುಡ್ಡಿನಲ್ಲಿ ಸಾವಿರದ ಎಂಟುನೂರು ರೂಪಾಯಿ!

ಇವುಗಳನ್ನು ಯಾಕೆ ಬಾಗಿಲಲ್ಲೇ ಇಟ್ಟಿರುತ್ತಾರೆ ಗೊತ್ತೇ? ಇದರ ಹಿಂದೆ ಒಂದು ಲೆಕ್ಕವಿದೆ. ಅಲ್ಲಿ ಹೆಚ್ಚಿನ ಆಟಗಳಿಗೆ ಆಟಕ್ಕೊಂದು 100 ಯೆನ್ ನಾಣ್ಯ. ಈ ರೂಢಿ ನಲವತ್ತು ವರ್ಷಕ್ಕೂ ಹಳೆಯದು. 1989ರಲ್ಲಿ ಸರ್ಕಾರ ಮಾರಾಟದ ಮೇಲೆ 3ರಷ್ಟು ತೆರಿಗೆ ಹಾಕಿತು. ಅದು 1997ರಲ್ಲಿ 5, 2014ರಲ್ಲಿ 8, 2019ರಲ್ಲಿ ನೂರಕ್ಕೆ 10 ಆಯಿತು. ಉಳಿದ ಅಂಗಡಿಯವರು ಅಷ್ಟನ್ನೂ ಗಿರಾಕಿಯ ಮೇಲೆ ಹಾಕಿದರು. ಆಟದ ಯಂತ್ರದ ಕಂಡಿಗೆ 103 ಯೆನ್ ಹಾಕಿಸುವುದು ಹೇಗೆ? ಅಲ್ಲಿ ಹೋಗುವುದು ನೂರರ ನಾಣ್ಯ ಮಾತ್ರ! ತೆರಿಗೆಯೆಲ್ಲ ಅಂಗಡಿಯವನ ತಲೆಯ ಮೇಲೇ ಬಿತ್ತು. ಬಾಡಿಗೆ, ವಿದ್ಯುತ್ತು, ಯಂತ್ರದ ಬೆಲೆ ಏರುತ್ತಲೇ ಹೋಯಿತು. ಮನೆಯಲ್ಲೇ ಆಡುವ ಆಟಗಳೂ ಬಂದವು. 1986ರಲ್ಲಿ ಆ ದೇಶದಲ್ಲಿ ಸುಮಾರು 26 ಸಾವಿರ ಗೇಮ್ ಸೆಂಟರ್‌ಗಳಿದ್ದವಂತೆ. 2019ರ ಹೊತ್ತಿಗೆ ಉಳಿದದ್ದು ಸುಮಾರು 4 ಸಾವಿರ. ಹಾಗೆ ಉಳಿದವರಿಗೆ ಅನ್ನ ಹಾಕುತ್ತಿರುವುದು ಈ ಗೊಂಬೆ ಪೆಟ್ಟಿಗೆಗಳೇ. ಸಂಪಾದನೆಯ ಅರ್ಧಕ್ಕಿಂತ ಹೆಚ್ಚು ಇವುಗಳಿಂದಲೇ ಬರುತ್ತದೆ. ಮನೆ ಖರ್ಚು ತೂಗಿಸುವ ನಮಗೆ ಅವರ ಕಷ್ಟ ಅರ್ಥವಾಗದೇ ಇರುತ್ತದೆಯೇ?

ಅಂದಮೇಲೆ ನಿಜವಾದ ಆಟಗಳು ಎಲ್ಲಿ? ಮೇಲಿನ ಅಂತಸ್ತಿನಲ್ಲಿ. ಮೆಟ್ಟಿಲು ಹತ್ತಿ. ಹತ್ತಿದ ಮೇಲೂ ಗೊಂಬೆ ಪೆಟ್ಟಿಗೆಗಳೇ ಕಂಡರೆ ಹಾಗೇ ಇಳಿದು ಬನ್ನಿ, ಅದು ನಿಮಗಲ್ಲ. ಗೊಂಬೆ ಬೇಕೇಬೇಕೆಂದು ಮಗು ಹಟ ಹಿಡಿದರೆ ಒಂದು ಉಪಾಯವಿದೆ. ನಾಲ್ಕೈದು ಸಲ ಆಡಿಯೂ ಬರದಿದ್ದರೆ ಅಲ್ಲಿನ ಕೆಲಸದ ಹುಡುಗಿಯನ್ನು ಕರೆದು ಕೈಸನ್ನೆ ಮಾಡಿ. ಎಷ್ಟೋ ಕಡೆ ಅವರೇ ಬೀಗ ತೆಗೆದು ಗೊಂಬೆಯನ್ನು ಅಂಚಿಗೆ ಸರಿಸಿ ಕೊಡುತ್ತಾರೆ. ಭಾಷೆ ಬರಬೇಕಾಗಿಲ್ಲ, ನಗು ಮುಖ ಸಾಕು.

ಹಳೆಯ ಯಂತ್ರವನ್ನು ಸಾಕುವವರು

ಮೇಲಿನ ಅಂತಸ್ತು ಚೆನ್ನಾಗಿದೆಯೋ ಇಲ್ಲವೋ ಎಂದು ನೋಡಲು ಆಟ ಗೊತ್ತಿರಬೇಕಾಗಿಲ್ಲ. ಹಿಡಿಕೆ ಸಡಿಲವಾಗಿದೆಯೇ? ಗುಂಡಿ ಒತ್ತಿದರೆ ಮೇಲೆ ಬರುತ್ತದೆಯೇ? "ಕೆಟ್ಟಿದೆ" ಎಂಬ ಚೀಟಿ ಎಷ್ಟು ಯಂತ್ರಗಳ ಮೇಲಿದೆ? ಹಳೆಯ ಆಟಗಳು ನಮ್ಮ ಮನೆಯಲ್ಲಿದ್ದ ಡಬ್ಬಾ ಟಿವಿಯಂಥ ಗಾಜಿನ ಕೊಳವೆಯ ಪರದೆಯ ಮೇಲೇ ಚೆಂದ. ಆ ಪರದೆಗಳು ಈಗ ತಯಾರಾಗುವುದಿಲ್ಲ. ಅವು ಮಸುಕಾಗದೆ ಇನ್ನೂ ಹೊಳೆಯುತ್ತಿವೆ ಎಂದರೆ ಅಲ್ಲಿ ಯಾರೋ ಒಬ್ಬರು ದಿನಾ ರಿಪೇರಿ ಮಾಡುತ್ತಾ, ಹಳೆಯ ಬಿಡಿಭಾಗ ಹುಡುಕಿ ತರುತ್ತಾ ಇದ್ದಾರೆ ಎಂದರ್ಥ. ಅಂಥ ಅಂಗಡಿಯಲ್ಲಿ ಧೈರ್ಯವಾಗಿ ನಾಣ್ಯ ಹಾಕಿ. ಇನ್ನೊಂದು ಗುರುತು, ಆಡುತ್ತಿರುವವರ ವಯಸ್ಸು. ಬರೀ ಎಳೆಯ ಹುಡುಗರಲ್ಲದೆ, ಕಛೇರಿಯ ಕೋಟು ಹಾಕಿದ ಐವತ್ತರ ಗಂಡಸರು ಚೀಲವನ್ನು ಪಕ್ಕಕ್ಕಿಟ್ಟು ಆಡುತ್ತಿದ್ದರೆ ಅದು ಹಳೆಯ ಗಿರಾಕಿಗಳ ಅಂಗಡಿ.

ಅಕಿಹಬರದಲ್ಲಿ ಟೈಟೋ ಕಂಪನಿಯ "ಹೇ" ಎಂಬ ಅಂಗಡಿ ಇಂಥದು. 1978ರಲ್ಲಿ "ಸ್ಪೇಸ್ ಇನ್ವೇಡರ್ಸ್" ಆಟವನ್ನು ತಂದು ಇಡೀ ದೇಶಕ್ಕೆ ಹುಚ್ಚು ಹಿಡಿಸಿದ್ದು ಇದೇ ಟೈಟೋ. ಅದನ್ನು ರೂಪಿಸಿದವರು ನಿಶಿಕಾಡೋ ಎಂಬ ಇಂಜಿನಿಯರು. ಆದರೆ ನನಗೆ ಮೆಚ್ಚುಗೆಯಾದದ್ದು ತಕದನೊಬಬ ಎಂಬಲ್ಲಿನ "ಮಿಕಾಡೋ". ತಂಗಿಯ ಮನೆಯಿಂದ ತೋಝಾಯ್ ಲೈನಿನ ರೈಲಿನಲ್ಲಿ ಕೂತರೆ ಬದಲಾಯಿಸುವ ಗೋಜಿಲ್ಲದೆ ಅಲ್ಲಿಗೇ ಒಯ್ಯುತ್ತದೆ. ಥಳುಕಿಲ್ಲ, ಬಳುಕಿಲ್ಲ, ನಮ್ಮ ಹಳೆಯ ಕಿರಾಣಿ ಅಂಗಡಿಯ ಹಾಗೆ ಒತ್ತೊತ್ತಾಗಿ ಯಂತ್ರಗಳು. 2020ರಲ್ಲಿ ಕೊರೋನಾದಿಂದ ಬಾಗಿಲು ಹಾಕಬೇಕಾಗಿ ಬಂದಾಗ ಅದರ ಅಭಿಮಾನಿಗಳೇ ಚಂದಾ ಎತ್ತಿ ಉಳಿಸಿಕೊಂಡರು. ಎಲ್ಲರಿಗೂ ಆ ಭಾಗ್ಯವಿರಲಿಲ್ಲ. ಅಕಿಹಬರದ ದೊಡ್ಡ ಸೇಗಾ ಕಟ್ಟಡವೊಂದು ಅದೇ ವರ್ಷ ಆಗಸ್ಟ್ 30ರಂದು ಮುಚ್ಚಿತು. ಸೇಗಾದವರು ಆ ವ್ಯಾಪಾರವನ್ನೇ ಬೇರೆಯವರಿಗೆ ಕೊಟ್ಟುಬಿಟ್ಟರು; ಅವರ ಅಂಗಡಿಗಳು ಈಗ "ಗಿಗೋ" ಎಂಬ ಹೆಸರಿನಲ್ಲಿವೆ. ಕವಾಸಾಕಿ ಊರಿನ ಪ್ರಸಿದ್ಧ "ವೇರ್‌ಹೌಸ್" 2019ರ ನವೆಂಬರ್‌ನಲ್ಲೇ ಹೋಯಿತು. ಹಾಗಾಗಿ ಹಳೆಯ ಪ್ರವಾಸದ ಪುಸ್ತಕ ನಂಬಿ ಹೊರಡಬೇಡಿ. ಹೊರಡುವ ದಿನ ಬೆಳಿಗ್ಗೆ ಮಗನ ಫೋನಿನಲ್ಲೇ, ಇನ್ನೂ ತೆರೆದಿದೆಯೇ ಎಂದು ನೋಡಿಸಿ.

ಮಿಕಾಡೋದಲ್ಲಿ ನಡೆದದ್ದನ್ನು ಹೇಳಬೇಕು. ಇಬ್ಬರು ಬೆನ್ನಿಗೆ ಬೆನ್ನು ಹಚ್ಚಿದ ಯಂತ್ರಗಳಲ್ಲಿ ಎದುರುಬದುರು ಕೂತು ಆಡುವ ಕುಸ್ತಿ ಆಟವಿದೆ. ನನ್ನ ಮಗ ಒಬ್ಬನೇ ಆಡುತ್ತಿದ್ದ. ಆ ಕಡೆ ಯಾರೋ ನಾಣ್ಯ ಹಾಕಿದರು, ಅಂದರೆ "ಬಾ ನೋಡೋಣ" ಎಂದು ಸವಾಲು. ಅಲ್ಲಿ ಇದು ತಪ್ಪಲ್ಲ, ಪದ್ಧತಿ. ಒಂದೇ ನಿಮಿಷದಲ್ಲಿ ಮಗ ಸೋತ. ಎದ್ದು ಆ ಕಡೆ ಬಗ್ಗಿ ನೋಡುತ್ತಾನೆ, ಕೂತವರು ನನ್ನಷ್ಟೇ ವಯಸ್ಸಿನ ಹೆಂಗಸು! ಆಕೆ ತಲೆ ಬಾಗಿಸಿ ನಮಸ್ಕರಿಸಿದರು, ಇವನೂ ಬಾಗಿಸಿದ. ವರ್ಷವಿಡೀ ಕೇಳಿದ್ದಕ್ಕೆಲ್ಲ "ಹೂಂ", "ಊಹೂಂ" ಎನ್ನುತ್ತಿದ್ದ ಹುಡುಗ ಅವತ್ತು ರೈಲಿನಲ್ಲಿ ದಾರಿಯುದ್ದಕ್ಕೂ ಬಾಯಿ ಮುಚ್ಚಲಿಲ್ಲ. ಆ ಆಂಟಿ ಯಾವ ಗುಂಡಿ ಮೊದಲು ಒತ್ತಿದರು, ತಾನು ಎಲ್ಲಿ ತಡ ಮಾಡಿದೆ, ಎಲ್ಲಾ ನನಗೆ ಪಾಠ. ನನಗೆ ಅರ್ಧವೂ ತಿಳಿಯಲಿಲ್ಲ ಬಿಡಿ. ಆದರೂ ಕೇಳಿದೆ.

ಹೆಂಗಸರು ಹೋಗಬಹುದೇ?

ಧಾರಾಳವಾಗಿ. 2020ರ ಏಪ್ರಿಲ್‌ನಿಂದ ಅಲ್ಲಿ ಒಳಗೆ ಸಿಗರೇಟು ಸೇದುವಂತಿಲ್ಲ, ಅದಕ್ಕೆ ಬೇರೆಯೇ ಕೋಣೆ. "ಪುರಿಕುರ" ಎಂದು ಫೋಟೋ ತೆಗೆಯುವ ಗೂಡುಗಳಿವೆ, 1995ರಿಂದ ಬಂದದ್ದು. ನಾನೂರು ಐನೂರು ಯೆನ್ನಿಗೆ ನಿಮ್ಮ ಮುಖಕ್ಕೆ ಹೂವು, ನಕ್ಷತ್ರ ಅಂಟಿಸಿ ಪುಟ್ಟ ಚಿತ್ರಗಳ ಹಾಳೆ ಕೊಡುತ್ತದೆ. ಎಷ್ಟೋ ಕಡೆ ಆ ಭಾಗಕ್ಕೆ ಬರೀ ಗಂಡಸರ ಗುಂಪನ್ನು ಬಿಡುವುದೇ ಇಲ್ಲ! ಇನ್ನು "ಪ್ಯಾಕ್‌ಮನ್" ಗೊತ್ತಲ್ಲ, ಬಾಯಿ ತೆರೆದುಕೊಂಡು ಚುಕ್ಕೆ ನುಂಗುವ ಹಳದಿ ಉಂಡೆ? 1980ರಲ್ಲಿ ನಾಮ್ಕೋ ಕಂಪನಿಯ ಇವಾತಾನಿ ಅದನ್ನು ಮಾಡಿದ್ದೇ ಹೆಂಗಸರನ್ನು ಪಾರ್ಲರಿಗೆ ಕರೆತರಲೆಂದು. ಬರೀ ಯುದ್ಧದ ಆಟಗಳಿದ್ದರೆ ಹೆಂಗಸರು ಬರುವುದಿಲ್ಲವೆಂದು ತಿನ್ನುವುದರ ಮೇಲೆ ಆಟ ಕಟ್ಟಿದೆ ಎಂದು ಅವರೇ ಹೇಳಿದ್ದಾರೆ. ಹೆಂಗಸರೆಂದರೆ ತಿಂಡಿ ಎಂದುಕೊಂಡರಲ್ಲ ಎಂದು ನನಗೆ ನಗು ಬಂತು. ಮಾಡಿ ಬಡಿಸುವವರಿಗೂ ತಿನ್ನುವ ಆಸೆ ಇರುತ್ತದೆ ಎಂದಾದರೂ ತಿಳಿದರಲ್ಲ, ಸಾಕು.

ನಿಮಗೆ ಏನೂ ಬಾರದಿದ್ದರೆ "ತಾಯ್ಕೊ ನೊ ತತ್ಸುಜಿನ್" ಎಂಬ ಡೋಲಿನ ಆಟ ಆಡಿ. ಹಾಡು ಬರುತ್ತದೆ, ಕೆಂಪು ಚುಕ್ಕೆ ಬಂದರೆ ಡೋಲಿನ ನಡುವೆ ಬಡಿಯಬೇಕು, ನೀಲಿ ಬಂದರೆ ಅಂಚಿಗೆ. ಅಕ್ಷರ ಬೇಕಿಲ್ಲ, ಭಾಷೆ ಬೇಕಿಲ್ಲ. ಅವಲಕ್ಕಿ ಕುಟ್ಟಿದ ಕೈಗೆ ಇದೇನು ಮಹಾ! ಎರಡು ಡೋಲುಗಳಿರುತ್ತವೆ, ಮಗನ ಪಕ್ಕದಲ್ಲೇ ನಿಂತು ಬಡಿಯಬಹುದು. ಊರಿಗೆ ಬಂದಮೇಲೆ "ಬಾಣಂತನಕ್ಕೆ ಹೋದವಳು ಡೋಲು ಬಾರಿಸಿ ಬಂದಳಂತೆ" ಎಂದು ನಮ್ಮ ಓರಗಿತ್ತಿ ಬೀದಿಗೆಲ್ಲ ಸಾರಿದರು. ಸಾರಲಿ.

ಕೆಲವು ಎಚ್ಚರಿಕೆಗಳು. ಟೋಕಿಯೋದಲ್ಲಿ ಹದಿನಾರು ತುಂಬದ ಮಕ್ಕಳು ಸಂಜೆ 6ರ ನಂತರ ಒಬ್ಬರೇ ಇರುವಂತಿಲ್ಲ. ದೊಡ್ಡವರು ಜೊತೆಗಿದ್ದರೆ ರಾತ್ರಿ 10ರವರೆಗೆ ಸರಿ. ಶಬ್ದ ವಿಪರೀತ, ಕಿವಿಗೆ ಹತ್ತಿ ಇಟ್ಟುಕೊಂಡು ಹೋಗಿ, ಎಳೆಗೂಸನ್ನು ಮಾತ್ರ ಖಂಡಿತ ಒಯ್ಯಬೇಡಿ. ಸಾವಿರದ ನೋಟು ಹಾಕಿದರೆ ನೂರರ ಹತ್ತು ನಾಣ್ಯ ಕೊಡುವ ಯಂತ್ರ ಒಳಗೇ ಇರುತ್ತದೆ. ಒಂದು ದಿನಕ್ಕೆ ಒಂದೇ ನೋಟು ಎಂದು ಕರಾರು ಮಾಡಿ ಹತ್ತು ನಾಣ್ಯವನ್ನೂ ಮಗನ ಕೈಗೇ ಎಣಿಸಿ ಕೊಡಿ. ಕೊನೆಯ ಮೂರು ನಾಣ್ಯಕ್ಕೆ ಬಂದಾಗ ಅವನು ಯೋಚನೆ ಮಾಡುವ ಪರಿ ನೋಡಬೇಕು!

ಜಪಾನಿಗೆ ಯಾರು ಹೋಗ್ತಾರೆ, ನಮ್ಮದೇನಿದ್ದರೂ ಅಮೆರಿಕ ಅಂತೀರಾ? ಶಿಕಾಗೋ ಬಳಿಯ ಬ್ರೂಕ್‌ಫೀಲ್ಡ್ ಎಂಬಲ್ಲಿ 2010ರಲ್ಲಿ ಶುರುವಾದ "ಗ್ಯಾಲಪಿಂಗ್ ಘೋಸ್ಟ್" ಇದೆ. 900ಕ್ಕೂ ಮಿಕ್ಕಿ ಯಂತ್ರಗಳು. ಬಾಗಿಲಲ್ಲಿ ಒಮ್ಮೆ ಹಣ ಕೊಟ್ಟರೆ ಇಡೀ ದಿನ ಎಷ್ಟಾದರೂ ಆಡಬಹುದು, ನಾಣ್ಯದ ಲೆಕ್ಕವಿಲ್ಲ. ನ್ಯೂ ಹ್ಯಾಂಪ್‌ಶೈರ್‌ನ "ಫನ್‌ಸ್ಪಾಟ್" 1952ರಷ್ಟು ಹಳೆಯದು, ಅದರೊಳಗೆ ಹಳೆಯ ಆಟಗಳದೇ ಒಂದು ಮ್ಯೂಸಿಯಂ ಇದೆ. ಸ್ಯಾನ್‌ಫ್ರಾನ್ಸಿಸ್ಕೋದ ಬಂದರಿನ ಹತ್ತಿರ "ಮ್ಯೂಸೀ ಮೆಕಾನೀಕ್" ಎಂಬಲ್ಲಿ ನೂರು ವರ್ಷದ ಹಿಂದಿನ, ನಾಣ್ಯ ಹಾಕಿದರೆ ಕುಣಿಯುವ ಗೊಂಬೆಗಳಿವೆ. ಒಳಗೆ ಹೋಗಲು ದುಡ್ಡಿಲ್ಲ. ಇಂಗ್ಲೆಂಡಿನವರಾದರೆ ಬ್ಲ್ಯಾಕ್‌ಪೂಲ್, ಬ್ರೈಟನ್‌ನಂಥ ಸಮುದ್ರ ತೀರಕ್ಕೆ ಹೋಗಿ. ಎರಡು ಪೆನ್ನಿ ಹಾಕಿ ಎರಡು ಪೆನ್ನಿಗಳ ರಾಶಿಯನ್ನು ತಳ್ಳುವ ಆಟ ಅಗ್ಗದ್ದು. ಅಮೆರಿಕದಲ್ಲಿ ಒಂದು ಮಾತು ನೆನಪಿಡಿ: "ಬಾರ್‌ಕೇಡ್" ಎಂದಿದ್ದರೆ ಅಲ್ಲಿ ಮದ್ಯವೂ ಉಂಟು. ಅನೇಕ ಕಡೆ ಸಂಜೆಯ ಮೇಲೆ 21 ತುಂಬದವರನ್ನು ಬಿಡುವುದಿಲ್ಲ, ಮಗನನ್ನು ಕರೆದುಕೊಂಡು ಹೋಗಿ ಬಾಗಿಲಲ್ಲಿ ನಿಲ್ಲಬೇಡಿ.

ಕೊನೆಯದಾಗಿ, ಉಳಿದ ಚಿಲ್ಲರೆ. ಊರಿಗೆ ತಂದರೆ ಪರದೇಶದ ನಾಣ್ಯವನ್ನು ಯಾರೂ ಬದಲಾಯಿಸಿ ಕೊಡುವುದಿಲ್ಲ. ನರಿಟಾ ವಿಮಾನ ನಿಲ್ದಾಣದಲ್ಲಿ ಅದಕ್ಕೆಂದೇ ನಾಣ್ಯ ಹಾಕಿ ತಿರುವಿದರೆ ಪ್ಲಾಸ್ಟಿಕ್ ಉಂಡೆಯಲ್ಲಿ ಆಟಿಕೆ ಬೀಳುವ ಯಂತ್ರಗಳನ್ನು ಸಾಲಾಗಿ ಇಟ್ಟಿದ್ದಾರೆ. ನಮ್ಮ ಹತ್ತು ಸಾವಿರದಲ್ಲಿ ಉಳಿದಿದ್ದು ಮೂರು ನಾಣ್ಯ. ಮಗ ತಿರುವಿದ, ಬೆರಳುದ್ದದ ಅನ್ನದ ಕುಕ್ಕರ್ ಬಿತ್ತು. ಮುಚ್ಚಳ ತೆಗೆಯಲೂ ಬರುತ್ತದೆ. ಈಗ ನಮ್ಮ ಅಡುಗೆಮನೆಯ ಕಿಟಕಿಯಲ್ಲಿದೆ.