ಕಾವೇರಿಯಿಂದ ದಾಲ್ ಸರೋವರಕ್ಕೆ: ದಿನಾಂಕವಿಲ್ಲದ ಒಂದು ಗುರಿಯ ಲೆಕ್ಕ

ಕಳೆದ ಶುಕ್ರವಾರ ಬೆಳಿಗ್ಗೆ ಬಿನ್ ಮಹಮೂದ್‌ನ ನಮ್ಮ ಫ್ಲ್ಯಾಟಿನಲ್ಲಿ ಕಾಫಿ ಲೋಟ ಪಕ್ಕಕ್ಕಿಟ್ಟುಕೊಂಡು ಒಂದು ಎಕ್ಸೆಲ್ ಶೀಟ್ ಮುಗಿಸಿದೆ. ಮಂಡ್ಯದಿಂದ ಶ್ರೀನಗರಕ್ಕೆ ಕಾರಿನಲ್ಲಿ ಹೋಗುವ ಲೆಕ್ಕ. ಪೆಟ್ರೋಲು, ಟೋಲು, ರೂಮು, ಊಟ ಎಲ್ಲವೂ ಸಾಲುಸಾಲಾಗಿ. ಹೆಮ್ಮೆಯಿಂದ ಅಪ್ಪನಿಗೆ ವಾಟ್ಸಾಪ್ ಮಾಡಿದೆ. ಹತ್ತು ನಿಮಿಷಕ್ಕೆ ಫೋನ್ ಬಂತು.

"ಲೆಕ್ಕ ಎಲ್ಲಾ ಚೆನ್ನಾಗೈತೆ ಕಣಪ್ಪ. ಹೊರಡೋದು ಯಾವತ್ತು ಅಂತ ಬರ್ದೇ ಇಲ್ವಲ್ಲ?"

ಬೇರೆಯವರಿಗೆ ಹಣಕಾಸಿನ ಬುದ್ಧಿ ಹೇಳಿ ಸಂಬಳ ತೆಗೆದುಕೊಳ್ಳುವವನು ನಾನು. ನನ್ನ ಹತ್ತಿರ ಉತ್ತರ ಇರಲಿಲ್ಲ.

2019ರ ತಪ್ಪು

ಅಪ್ಪ ನೀರಾವರಿ ಇಲಾಖೆಯಲ್ಲಿದ್ದವರು. ವಿ.ಸಿ. ನಾಲೆಯ ನೀರಿನ ಲೆಕ್ಕದಲ್ಲೇ ಸರ್ವಿಸ್ ಮುಗಿಸಿದರು. ನಿವೃತ್ತರಾದ ಮೇಲೆ ಅವರು ಕೇಳಿದ್ದು ಒಂದೇ: ಕಾವೇರಿ ಬಿಟ್ಟು ಉತ್ತರಕ್ಕೆ ಹೊರಟು, ದಾರಿಯಲ್ಲಿ ಸಿಗುವ ನದಿಗಳನ್ನೆಲ್ಲ ದಾಟಿ, ಲಡಾಖ್‌ನ ಪ್ಯಾಂಗಾಂಗ್ ಸರೋವರ ನೋಡಬೇಕು.

2020ರ ಮೇ ತಿಂಗಳಿಗೆ ಹೋಗೋಣ ಎಂದು 2019ರಲ್ಲಿ ಒಂದೂವರೆ ಲಕ್ಷ ರೂಪಾಯಿ ಎತ್ತಿಟ್ಟೆ. ಎಲ್ಲಿಟ್ಟೆ? ಈಕ್ವಿಟಿ ಫಂಡ್‌ನಲ್ಲಿ! ಒಂದು ವರ್ಷದೊಳಗೆ ಬೇಕಾಗುವ ಹಣವನ್ನು ಷೇರುಪೇಟೆಗೆ ಹಾಕಬಾರದು ಎಂಬುದು ಮೊದಲ ಪಾಠ. ಅದನ್ನೇ ನಾನು ಮರೆತಿದ್ದೆ. 2020ರ ಜನವರಿಯಲ್ಲಿ 42,000 ದಾಟಿದ್ದ ಸೆನ್ಸೆಕ್ಸ್ ಮಾರ್ಚ್ 23ರಂದು 26,000ದ ಕೆಳಗಿತ್ತು. ಲಾಕ್‌ಡೌನ್‌ನಿಂದ ಪ್ರವಾಸ ಹೇಗೂ ನಿಂತಿತು, ಹಾಗಾಗಿ ನನ್ನ ತಪ್ಪು ಯಾರಿಗೂ ಕಾಣಲಿಲ್ಲ.

ಆಮೇಲೆ ಮಾರುಕಟ್ಟೆ ಚೇತರಿಸಿಕೊಂಡಿತು, ಹಣವೂ ವಾಪಸ್ ಬಂತು. ಆದರೆ ಅದು ಬೆಂಗಳೂರಿನ ಫ್ಲ್ಯಾಟಿನ ಮುಂಗಡಕ್ಕೆ ಸೇರಿಹೋಯಿತು. ಫ್ಲ್ಯಾಟಿಗೆ ಗಡುವಿತ್ತು, ಅಪ್ಪನ ಪ್ರವಾಸಕ್ಕಿರಲಿಲ್ಲ. ಗಡುವಿಲ್ಲದ ಹಣವನ್ನು ಗಡುವಿರುವ ಖರ್ಚು ತಿಂದುಬಿಡುತ್ತದೆ. ನನ್ನ ಅನುಭವದಲ್ಲಿ ಷೇರುಪೇಟೆಯ ಕುಸಿತಕ್ಕಿಂತ ದೊಡ್ಡ ನಷ್ಟ ಇದು.

ಪ್ಯಾಂಗಾಂಗ್ ಬಿಟ್ಟಿದ್ದು

ಆಗ 68 ಇದ್ದ ಅಪ್ಪನಿಗೆ ಹೊರಡುವ ಹೊತ್ತಿಗೆ 74 ಆಗಿರುತ್ತದೆ. 2023ರಲ್ಲಿ ಸ್ಟೆಂಟ್ ಹಾಕಿಸಿದ್ದಾಯಿತು. ಪ್ಯಾಂಗಾಂಗ್ ಇರುವುದು ಸುಮಾರು 14,000 ಅಡಿ ಎತ್ತರದಲ್ಲಿ. ಅಷ್ಟು ಎತ್ತರ ಬೇಡವೇ ಬೇಡ ಎಂದರು ಡಾಕ್ಟರು. ದಾಲ್ ಸರೋವರ ಇರುವುದು ಸುಮಾರು 5,200 ಅಡಿಯಲ್ಲಿ. ನಿಧಾನವಾಗಿ ಹೋಗುವುದಾದರೆ ಅಡ್ಡಿಯಿಲ್ಲ ಎಂದರು.

ಹೂಡಿಕೆಯಲ್ಲಿ ನಾವು ಅಪಾಯ ಎದುರಿಸುವ ಮನಸ್ಸು ಬೇರೆ, ತಡೆದುಕೊಳ್ಳುವ ಶಕ್ತಿ ಬೇರೆ ಎನ್ನುತ್ತೇವಲ್ಲ, ಇಲ್ಲೂ ಅದೇ. ಅಪ್ಪನ ಮನಸ್ಸು ಇವತ್ತೂ ಪ್ಯಾಂಗಾಂಗ್‌ನಲ್ಲೇ ಇದೆ. ಶಕ್ತಿ ಇಲ್ಲ. 2020ರ ಬದಲು 2021ರಲ್ಲೋ 2022ರಲ್ಲೋ ಹೊರಟಿದ್ದರೆ ಪ್ಯಾಂಗಾಂಗ್ ನೋಡಿರುತ್ತಿದ್ದರೋ ಏನೋ. ಈ ನಷ್ಟಕ್ಕೆ ನನ್ನ ಶೀಟಿನಲ್ಲಿ ಕಾಲಂ ಇಲ್ಲ. ಅಪ್ಪ ಮಾತ್ರ, "ಆಯ್ತು ಬಿಡು, ಎಲ್ಲಾದ್ರೂ ನೀರು ನೀರೇ ತಾನೆ?" ಅಂದರು.

ದಾರಿ ಮತ್ತು ಲೆಕ್ಕ

ಹೋಗುವವರು ನಾಲ್ವರು: ಅಪ್ಪ, ಅಮ್ಮ, ತಮ್ಮ, ನಾನು. ಮಗಳಿಗೆ ದೋಹಾದಲ್ಲಿ ಶಾಲೆ, ಹಾಗಾಗಿ ಅವಳೂ ಹೆಂಡತಿಯೂ ಬರುವುದಿಲ್ಲ. ಬೇಸಿಗೆ ರಜೆಯಲ್ಲಿ ಎಲ್ಲರೂ ಹೋಗಬಹುದಿತ್ತು, ಆದರೆ ಆಗ ಮಳೆಗಾಲ. ಜಮ್ಮುವಿನಿಂದ ಮೇಲೆ ರಾಂಬನ್ ಬಳಿ ಗುಡ್ಡ ಕುಸಿದರೆ ರಸ್ತೆ ಬಂದ್.

ಮಂಡ್ಯದಿಂದ ಬೆಂಗಳೂರು, ಅಲ್ಲಿಂದ ಶ್ರೀನಗರದವರೆಗೆ ರಾಷ್ಟ್ರೀಯ ಹೆದ್ದಾರಿ 44. ಒಟ್ಟು ಸುಮಾರು 3,100 ಕಿ.ಮೀ. ದಿನಕ್ಕೆ 300 ಕಿ.ಮೀ. ಮೀರುವುದಿಲ್ಲ. ವಾಪಸ್ ಬರುವಾಗ ಜಮ್ಮುವಿಗೆ ಇಳಿದು ಕಾರನ್ನು ಲಾರಿಗೆ ಹಾಕಿ, ನಾವು ವಿಮಾನ ಹತ್ತುತ್ತೇವೆ.

ನನ್ನ ಅಂದಾಜು ಇದು:

- ಪೆಟ್ರೋಲು (ಸುತ್ತಾಟ ಸೇರಿ 3,600 ಕಿ.ಮೀ., ಲೀಟರಿಗೆ 14 ಕಿ.ಮೀ., ಲೀಟರಿಗೆ ರೂ. 105): ರೂ. 27,000
- ಟೋಲು, ಪಾರ್ಕಿಂಗ್: ರೂ. 5,000
- ಎರಡು ರೂಮು, 16 ರಾತ್ರಿ: ರೂ. 1,12,000
- ಊಟ, ತಿಂಡಿ: ರೂ. 60,000
- ನಾಲ್ಕು ವಿಮಾನ ಟಿಕೆಟ್: ರೂ. 50,000
- ಕಾರು ಸಾಗಣೆ: ರೂ. 30,000
- ಸರ್ವಿಸ್, ಹೊಸ ಟೈರು: ರೂ. 36,000
- ತುರ್ತು ಮೀಸಲು, ಶೇ. 15: ರೂ. 48,000

ಒಟ್ಟು ರೂ. 3,68,000. ದೋಹಾ–ಬೆಂಗಳೂರು ಟಿಕೆಟ್ ಕಂಪನಿ ಕೊಡುತ್ತದೆ, ಅದನ್ನು ಸೇರಿಸಿಲ್ಲ. ಟೋಲಿನ ಸಾಲು ಇಷ್ಟು ಕಡಿಮೆ ಇರಲು ಕಾರಣ ಫಾಸ್ಟ್ಯಾಗ್ ವಾರ್ಷಿಕ ಪಾಸ್. ಖಾಸಗಿ ಕಾರುಗಳಿಗೆ 2025ರ ಆಗಸ್ಟ್ 15ರಿಂದ ರೂ. 3,000ಕ್ಕೆ ಶುರುವಾದ ಈ ಪಾಸ್‌ನಲ್ಲಿ ರಾಷ್ಟ್ರೀಯ ಹೆದ್ದಾರಿಗಳ ಟೋಲ್‌ಗಳನ್ನು ಒಂದು ವರ್ಷದಲ್ಲಿ 200 ಬಾರಿ ದಾಟಬಹುದು.

ಹಣ ಎಲ್ಲಿಡುವುದು?

ಈ ಸಲ ಷೇರಿನಲ್ಲಿ ಇಡುವುದಿಲ್ಲ. ಎನ್‌ಆರ್‌ಇ ಠೇವಣಿಯೂ ಆಗದು. ಅದರ ಕನಿಷ್ಠ ಅವಧಿ ಒಂದು ವರ್ಷ, ಅದಕ್ಕೆ ಮೊದಲೇ ಮುರಿದರೆ ಬಡ್ಡಿ ಸಿಗುವುದಿಲ್ಲ. ನನಗಿರುವುದು ಹತ್ತೇ ತಿಂಗಳು. ರಿಯಾಲ್ 2001ರಿಂದ ಡಾಲರಿಗೆ 3.64ರ ದರದಲ್ಲಿ ಅಧಿಕೃತವಾಗಿ ಕಟ್ಟಿಕೊಂಡಿದೆ, ಹಾಗಾಗಿ ಹಣ ಇಲ್ಲೇ ರಿಯಾಲಿನಲ್ಲಿರಲಿ, ಖರ್ಚು ಬಂದಾಗ ಕಳಿಸಿದರಾಯಿತು. ರಿಯಾಲಿಗೆ ರೂ. 23 ಎಂದು ಬೇಕೆಂತಲೇ ಕಡಿಮೆ ಹಿಡಿದೆ. 16,000 ರಿಯಾಲ್ ಬೇಕು. ಡಿಸೆಂಬರಿನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೆ 1,600.

ಇನ್ನು ಕೆಲವು ಮಾತು, ನಿಮಗೂ ಉಪಯೋಗಕ್ಕೆ ಬರಬಹುದು. ಮೊದಲು ಭಾರತದ ಡ್ರೈವಿಂಗ್ ಲೈಸೆನ್ಸ್ ತೆಗೆದು ನೋಡಿ. ನನ್ನದರ ಅವಧಿ ಮುಗಿದಿತ್ತು, ನನಗೇ ಗೊತ್ತಿರಲಿಲ್ಲ. ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಟೆಸ್ಟ್ ಕೊಡಬೇಕು. ಲೈಸೆನ್ಸ್ ಇಲ್ಲದೆ ಅಪಘಾತವಾದರೆ ವಿಮೆ ಕಂಪನಿ ಕೈಯೆತ್ತಬಹುದು. ಅಪ್ಪ ಅಮ್ಮನ ಆರೋಗ್ಯ ವಿಮೆಗೆ ದಾರಿಯ ಯಾವ ಯಾವ ಊರಲ್ಲಿ ನಗದುರಹಿತ ಆಸ್ಪತ್ರೆ ಇದೆ ಎಂದು ಪಟ್ಟಿ ಮಾಡಿಕೊಳ್ಳಿ. ನಮ್ಮ ಕಡೆಯ ಪ್ರೀಪೇಯ್ಡ್ ಸಿಮ್ ಜಮ್ಮು-ಕಾಶ್ಮೀರದಲ್ಲಿ ನಡೆಯುವುದಿಲ್ಲ, ಒಂದಾದರೂ ಪೋಸ್ಟ್‌ಪೇಯ್ಡ್ ಇರಲಿ.

ಕೊನೆಗೂ ಒಂದು ದಿನಾಂಕ

ಅವತ್ತು ಅಪ್ಪನ ಫೋನ್ ಇಡದೆ ಕ್ಯಾಲೆಂಡರ್ ತೆಗೆದೆ. ಅಕ್ಟೋಬರ್ ಮೊದಲ ವಾರ ಎಂದೆ. "ಪಿತೃಪಕ್ಷದಲ್ಲಿ ಹೊರಡ್ತಾರೇನಪ್ಪ? ಆಯುಧಪೂಜೆ ಮುಗೀಲಿ, ಕಾರಿಗೂ ಪೂಜೆ ಆಗ್ಲಿ" ಎಂದು ಪಕ್ಕದಿಂದ ಅಮ್ಮನ ದನಿ. ಹಾಗಾಗಿ 2026ರ ಅಕ್ಟೋಬರ್ 22, ಗುರುವಾರ. ದೀಪಾವಳಿಗೆ ಮನೆಗೆ ವಾಪಸ್. ಭಾನುವಾರ ಆಫೀಸಿಗೆ ಹೋದವನೇ ರಜೆ ಅರ್ಜಿ ಹಾಕಿದೆ. ಐದು ವರ್ಷ ಪೂರೈಸಿದವರಿಗೆ ಕತಾರಿನ ಕಾರ್ಮಿಕ ಕಾನೂನು ವರ್ಷಕ್ಕೆ ಕನಿಷ್ಠ ನಾಲ್ಕು ವಾರ ರಜೆ ಕೊಡುತ್ತದೆ. ಅದನ್ನು ನಗದು ಮಾಡಿಕೊಳ್ಳುವುದೇ ಲಾಭ ಅಂದುಕೊಂಡಿದ್ದವನು ನಾನು.

ನಿಮ್ಮ ಶೀಟಿನಲ್ಲೂ ಇಂಥದೊಂದು ಸಾಲು ಇದ್ದರೆ, ಮೊತ್ತ ಆಮೇಲೆ ತಿದ್ದಿ, ದಿನಾಂಕ ಇವತ್ತೇ ಬರೆಯಿರಿ.

ನಿನ್ನೆ ಅಪ್ಪ ಒಂದು ಹಾಳೆಯ ಫೋಟೋ ಕಳಿಸಿದ್ದಾರೆ. ದಾರಿಯ ನದಿಗಳ ಪಟ್ಟಿ: ಪೆನ್ನಾರ್, ತುಂಗಭದ್ರಾ, ಕೃಷ್ಣಾ, ಗೋದಾವರಿ, ಪೈನಗಂಗಾ, ನರ್ಮದಾ, ಚಂಬಲ್, ಯಮುನಾ, ಸಟ್ಲೆಜ್, ಬಿಯಾಸ್, ರಾವಿ, ತಾವಿ, ಚೀನಾಬ್, ಝೇಲಂ. ಕೆಳಗೆ ಒಂದು ಷರಾ: ಪ್ರತಿ ಸೇತುವೆ ದಾಟಿದ ಮೇಲೆ ಹತ್ತು ನಿಮಿಷ ಕಾರು ನಿಲ್ಲಿಸತಕ್ಕದ್ದು. ಅದನ್ನೂ ಶೀಟಿಗೆ ಸೇರಿಸಿದ್ದೇನೆ. ಖರ್ಚಿನ ಕಾಲಂನಲ್ಲಿ ಸೊನ್ನೆ.