ಮೂಗಿನ ರಕ್ತವೂ ಒತ್ತಡದ ಗುಳಿಗೆಯೂ

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ನಿವೃತ್ತ ಉಪಾಧ್ಯಾಯರೊಬ್ಬರಿದ್ದಾರೆ. ಹೆಸರು ಬೇಡ, ರಾಯರೆಂದೇ ಕರೆಯೋಣ. ಮಾಘಮಾಸದ ಒಂದು ಮುಂಜಾನೆ ಅವರು ಜಗುಲಿಯಲ್ಲಿ ಕುಳಿತು ಪತ್ರಿಕೆ ಓದುತ್ತಿದ್ದಾಗ, ಹಾಳೆಯ ಮೇಲೆ ಕೆಂಪು ಹನಿಯೊಂದು ತೊಟ್ಟಿಕ್ಕಿತು. ನೋಡನೋಡುತ್ತಿದ್ದಂತೆ ಉಟ್ಟ ಬಿಳಿಯ ಪಂಚೆಯೆಲ್ಲ ರಕ್ತಮಯವಾಯಿತು. ಮನೆಯವರು ಗಾಬರಿಗೊಂಡು ಅವರನ್ನು ಅಂಗಾತ ಮಲಗಿಸಿ, ನೆತ್ತಿಗೆ ತಣ್ಣೀರು ತಟ್ಟಿ, ಈರುಳ್ಳಿಯನ್ನು ಜಜ್ಜಿ ಮೂಸಿಸಿದರು. ಅರ್ಧ ಗಂಟೆಯ ಮೇಲೆ ರಕ್ತವೇನೋ ನಿಂತಿತು, ವಿಚಾರಣೆ ಆರಂಭವಾಯಿತು.

"ಈ ಹೊಸ ಗುಳಿಗೆ ಮನೆಗೆ ಬಂದ ಮೇಲೆಯೇ ಹೀಗಾಗಿದ್ದು, ನೋಡಿ. ಉಷ್ಣ! ಇನ್ನು ಅದನ್ನು ಮುಟ್ಟಬೇಡಿ" ಎಂದರು ಅವರ ಪತ್ನಿ.

ಮೊಮ್ಮಗನು ಫೋನಿನಲ್ಲಿ ಆ ರಕ್ತದೊತ್ತಡದ ಗುಳಿಗೆಯ ಗುಣದೋಷಗಳನ್ನು ಹುಡುಕಿ, "ಹೌದು ತಾತ, ಮೂಗಿನಲ್ಲಿ ರಕ್ತ ಬರಬಹುದು ಅಂತ ಬರೆದಿದೆ" ಎಂದ. ಅಲ್ಲಿಗೆ ತೀರ್ಪು ಹೊರಬಿದ್ದಿತು. ಗುಳಿಗೆಯ ಪಟ್ಟಿ ಅಟ್ಟ ಸೇರಿತು. ವೈದ್ಯರಿಗೆ ಯಾರೂ ಹೇಳಲಿಲ್ಲ.

ಮೂರು ವಾರ ಕಳೆದಿತ್ತು. ಊಟದ ಎಲೆಯ ಮುಂದೆ ಕುಳಿತಿದ್ದ ರಾಯರ ಬಲಗೈಯಿಂದ ತುತ್ತು ಜಾರಿತು, ಮಾತು ತೊದಲಿತು. ಆಸ್ಪತ್ರೆಯಲ್ಲಿ ಅಳೆದಾಗ ರಕ್ತದೊತ್ತಡ 210ಕ್ಕೆ 120 ಇತ್ತು. ಪ್ರಾಣ ಉಳಿಯಿತು, ಕೋಲು ಹಿಡಿದು ನಡೆಯುವಷ್ಟು ಚೇತರಿಸಿಕೊಂಡಿದ್ದಾರೆ. ಕನ್ನಡ ವ್ಯಾಕರಣವನ್ನು ನಿರರ್ಗಳವಾಗಿ ಬೋಧಿಸುತ್ತಿದ್ದ ಆ ನಾಲಿಗೆ ಈಗಲೂ ಕೆಲವು ಪದಗಳಿಗೆ ತಡವರಿಸುತ್ತದೆ.

ಹಾಗಾದರೆ ಮೊಮ್ಮಗ ಓದಿದ್ದು ಸುಳ್ಳೇ? ಸುಳ್ಳಲ್ಲ. ರಾಯರ ಗುಳಿಗೆ ಆಮ್ಲೊಡಿಪಿನ್. ಅದನ್ನು ಸೇವಿಸಿದವರಲ್ಲಿ ನೂರಕ್ಕೆ ಒಬ್ಬರಿಗಿಂತ ಕಡಮೆ ಮಂದಿಗೆ ಮೂಗಿನ ರಕ್ತಸ್ರಾವ ಕಂಡುಬಂದುದು ದಾಖಲೆಯಲ್ಲಿದೆ. ಆದರೆ ಅದಕ್ಕೆ ಗುಳಿಗೆಯೇ ಕಾರಣವೆಂದು ನಿಶ್ಚಯವಾಗಿಲ್ಲವೆಂಬ ಮಾತೂ ಅದೇ ದಾಖಲೆಯಲ್ಲಿದೆ. ಮೊಮ್ಮಗನ ಕಣ್ಣು ಅಷ್ಟು ದೂರ ಹೋಗಲಿಲ್ಲ, ಪಾಪ.

ಒತ್ತಡದ ಔಷಧಕ್ಕೂ ಮೂಗಿಗೂ ನಂಟೇ ಇಲ್ಲವೆನ್ನುವಂತೆಯೂ ಇಲ್ಲ. ನಮ್ಮ ದೇಶದ ಸರ್ಪಗಂಧದ ಕಥೆಯನ್ನೇ ನೋಡಿ. ಆ ಬೇರು ರಕ್ತದೊತ್ತಡವನ್ನು ಇಳಿಸುವುದೆಂದು 1931ರಲ್ಲಿ ಕಲ್ಕತ್ತೆಯ ಸೇನ್ ಮತ್ತು ಬೋಸ್ ಎಂಬ ವೈದ್ಯರು ಬರೆದರು. 1949ರಲ್ಲಿ ಮುಂಬಯಿಯ ಡಾಕ್ಟರ್ ರುಸ್ತುಂ ಜಾಲ್ ವಕೀಲರು ತಮ್ಮ ರೋಗಿಗಳ ಅನುಭವವನ್ನು ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆ ಜಗತ್ತಿನ ಕಣ್ಣು ಅದರ ಮೇಲೆ ಬಿದ್ದಿತು. 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಅದರ ಸಾರವಾದ ರೆಸರ್ಪಿನ್ ಬೇರ್ಪಟ್ಟಿತು. ಈ ಔಷಧವು ರಕ್ತನಾಳಗಳನ್ನು ಬಿಗಿಹಿಡಿಯುವ ನರಗಳ ಶಕ್ತಿಯನ್ನು ಕುಗ್ಗಿಸುತ್ತದೆ; ಮೂಗಿನೊಳಗಿನ ನಾಳಗಳೂ ಸಡಿಲಗೊಂಡು ಉಬ್ಬುತ್ತವೆ. ಆದುದರಿಂದ ಅದನ್ನು ಸೇವಿಸಿದವರ ಮೂಗು ಕಟ್ಟುತ್ತಿತ್ತು, ಕೆಲವರಿಗೆ ರಕ್ತವೂ ಬರುತ್ತಿತ್ತು. ಈಗ ಅದರ ಬಳಕೆ ಬಹು ವಿರಳ.

ರಾಯರ ಮೂಗಿನ ನಿಜವಾದ ಅಪರಾಧಿಗಳು ಬೇರೆ ಇದ್ದರೆಂದು ವೈದ್ಯರು ತರ್ಕಿಸಿದರು. ಹೃದಯಕ್ಕೆಂದು ಬರೆದುಕೊಟ್ಟಿದ್ದ ಸಣ್ಣ ಆಸ್ಪಿರಿನ್ ಒಂದು. ಮಂಡಿನೋವಿಗೆಂದು ರಾಯರು ತಾವೇ ಅಂಗಡಿಯಿಂದ ತಂದು ನುಂಗುತ್ತಿದ್ದ ನೋವಿನ ಮಾತ್ರೆ ಮತ್ತೊಂದು. ಗಾಯವಾದೊಡನೆ ಓಡಿಬಂದು ತೂತು ಮುಚ್ಚುವ ಕಿರುಬಿಲ್ಲೆಗಳು ನಮ್ಮ ರಕ್ತದಲ್ಲಿವೆ. ಆಸ್ಪಿರಿನ್ನಿನ ಸ್ಪರ್ಶವಾದ ಕಿರುಬಿಲ್ಲೆ ತನ್ನ ಆಯುಷ್ಯ ಮುಗಿಯುವವರೆಗೆ, ಎಂದರೆ ಏಳರಿಂದ ಹತ್ತು ದಿನ, ಆ ಕೆಲಸಕ್ಕೆ ಸರಿಯಾಗಿ ಒದಗದು. ಕ್ಲೊಪಿಡೊಗ್ರೆಲ್, ವಾರ್ಫರಿನ್ ಮೊದಲಾದವೂ ಬೇರೆ ಬೇರೆ ದಾರಿಯಿಂದ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತವೆ. ನೋವಿನ ಮಾತ್ರೆಗಳಲ್ಲಿ ಅನೇಕವು ಇದರ ಜೊತೆಗೆ ರಕ್ತದೊತ್ತಡವನ್ನೂ ಏರಿಸುತ್ತವೆ. ಇದನ್ನು ಓದಿ ಆಸ್ಪಿರಿನ್ನನ್ನು ಅಟ್ಟಕ್ಕೆ ಎಸೆದೀರಿ, ಜೋಕೆ! ಹೃದಯದ ನಾಳದಲ್ಲಿ ಸ್ಟೆಂಟ್ ಇಟ್ಟವರು ಅದನ್ನು ತಾವಾಗಿ ನಿಲ್ಲಿಸುವುದು ಪ್ರಾಣಕ್ಕೆ ಅಪಾಯ.

ಒತ್ತಡದ ಔಷಧಗಳಲ್ಲಿಯೂ ಕ್ಲೊನಿಡಿನ್, ಪ್ರೊಪ್ರನೊಲಾಲ್‌ನಂತಹವನ್ನು ಥಟ್ಟನೆ ಬಿಟ್ಟರೆ ಹೃದಯ ಕೆರಳುತ್ತದೆ, ಒತ್ತಡ ಮೊದಲಿಗಿಂತಲೂ ಮೇಲೇರಬಹುದು. ಉಳಿದವನ್ನು ಬಿಟ್ಟರೆ ಅದು ಸದ್ದಿಲ್ಲದೆ, ದಿನದಿನಕ್ಕೆ ಏರುತ್ತದೆ. ರಾಯರಿಗೆ ಆದದ್ದು ಇದೇ.

ಒತ್ತಡ ಹೆಚ್ಚಿದ್ದರಿಂದಲೇ ಮೂಗಿನ ನಾಳ ಒಡೆಯಿತೆಂದು ಹೇಳುವವರೂ ಉಂಟು. ಈ ವಿಷಯದಲ್ಲಿ ವೈದ್ಯರಲ್ಲಿಯೇ ಒಮ್ಮತವಿಲ್ಲ. ರಕ್ತ ಕಂಡ ಭಯಕ್ಕೇ ಒತ್ತಡ ಏರುವುದರಿಂದ ಆಗ ಅಳೆದ ಅಂಕಿಯನ್ನು ಪೂರ್ತಿಯಾಗಿ ನಂಬಲಾಗದು. ಆದರೆ ಒತ್ತಡ ಹೆಚ್ಚಿರುವವರಲ್ಲಿ ಸುರಿಯತೊಡಗಿದ ರಕ್ತವನ್ನು ನಿಲ್ಲಿಸುವುದು ಕೆಲವೊಮ್ಮೆ ಕಷ್ಟ.

ಬಹುತೇಕ ಸಂದರ್ಭಗಳಲ್ಲಿ ರಕ್ತ ಬರುವುದು ಎರಡು ಹೊಳ್ಳೆಗಳ ನಡುಗೋಡೆಯ ಮುಂಭಾಗದಿಂದ. ಹಲವು ನಾಳಗಳು ಅಲ್ಲಿ ತೆಳುವಾದ ಪೊರೆಯ ಕೆಳಗೆ ಬಲೆಯಂತೆ ಹೆಣೆದುಕೊಂಡಿವೆ. ಒಣಹವೆ, ನೆಗಡಿ, ಬೆರಳಿನ ಚಪಲ, ಇಷ್ಟು ಸಾಕು. ಆ ಜಾಗವು ನಮ್ಮ ಬೆರಳಿಗೆ ಎಟುಕುವಲ್ಲಿಯೇ ಇರುವುದು ಒಂದು ಭಾಗ್ಯ. ಕುಳಿತು, ತಲೆಯನ್ನು ಮುಂದಕ್ಕೆ ಬಾಗಿಸಿ, ಮೂಳೆಯ ಭಾಗವನ್ನಲ್ಲ, ಅದರ ಕೆಳಗಿನ ಮೆತ್ತನೆಯ ಹೊಳ್ಳೆಗಳೆರಡನ್ನೂ ಬಿಗಿಯಾಗಿ ಹಿಡಿದು, ಬಾಯಿಂದ ಉಸಿರಾಡುತ್ತಿರಬೇಕು. ಹತ್ತು ಹದಿನೈದು ನಿಮಿಷ, ಗಡಿಯಾರ ನೋಡಿಕೊಂಡು! "ನಿಂತಿತೇ?" ಎಂದು ನಡುನಡುವೆ ಬಿಟ್ಟು ನೋಡಿದರೆ ಹಿಡಿದದ್ದೆಲ್ಲ ವ್ಯರ್ಥ. ಅಂಗಾತ ಮಲಗಿಸಿದರೆ ರಕ್ತ ಗಂಟಲಿಗಿಳಿದು ವಾಂತಿಯಾಗುತ್ತದೆ. ನಿಂತಿತೆಂಬ ಭ್ರಮೆಯೂ ಉಂಟಾಗುತ್ತದೆ. ಅರ್ಧ ಗಂಟೆಯಾದರೂ ನಿಲ್ಲದಿದ್ದರೆ, ಮುಂದೆ ಬಾಗಿದ್ದರೂ ಗಂಟಲಿಗೇ ಇಳಿಯುತ್ತಿದ್ದರೆ, ತಲೆ ಸುತ್ತಿದರೆ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ರಕ್ತ ತೆಳುವಾಗಿಸುವ ಔಷಧ ಸೇವಿಸುವವರು ಅಷ್ಟು ಹೊತ್ತು ಕಾಯದಿರುವುದೇ ಲೇಸು.

ಕಳೆದ ಚೈತ್ರದಲ್ಲಿ ರಾಯರ ಮೂಗು ಮತ್ತೊಮ್ಮೆ ಸೋರಿತು. ನಾನು ಅಲ್ಲಿಯೇ ಇದ್ದೆ. ಅವರು ಕುರ್ಚಿಯಲ್ಲಿ ಬಾಗಿ ಕುಳಿತು ಎಡಗೈಯಿಂದ ಮೂಗು ಹಿಡಿದುಕೊಂಡರು. ಪತ್ನಿ ಗೋಡೆಯ ಗಡಿಯಾರದ ಕೆಳಗೆ ನಿಂತು, "ಇನ್ನೂ ಐದು ನಿಮಿಷ, ಬಿಡಬೇಡಿ" ಎನ್ನುತ್ತಿದ್ದರು. ರಕ್ತ ನಿಂತಿತು. ಆಕೆ ವೈದ್ಯರಿಗೆ ಫೋನು ಮಾಡಿ ವಿಷಯ ತಿಳಿಸಿದರು. ಬಳಿಕ ಡಬ್ಬಿ ತೆರೆದು ಅಂದಿನ ಗುಳಿಗೆಯನ್ನು ಗಂಡನ ಅಂಗೈಯಲ್ಲಿಟ್ಟರು.